ಉಳಿದುಹೋದ ಒಂದು ಮರಣಪತ್ರ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದರ್ಜಿ ಹೆಂಗಸು, ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಂ, ನಾನು ಸತ್ತಿದೀನಂತೆ. ಕಂಪ್ಲೇಂಟ್ ತಗೊಳ್ಳಿ."

ನೋಂದಣಿ ಕಚೇರಿಯವರು ಹಳೆಯ ದಾಖಲೆಗಳನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಏರಿಸಿ ಹದಿನೈದು ದಿನವಾಗಿತ್ತು. ಅದರಲ್ಲಿ ಈಕೆ ಮೃತಳು. ಮಾಲೀಕಳೇ ಇಲ್ಲವೆಂದ ಮೇಲೆ ಅಂಗಡಿಯ ನೋಂದಣಿಯೂ ರದ್ದು. ಶಟರ್‌ಗೆ ಸೀಲು ಬಿದ್ದಿತ್ತು. ಹೊಲಿಗೆ ಯಂತ್ರ ಒಳಗೆ, ಈಕೆ ಬೀದಿಯಲ್ಲಿ. ಕಚೇರಿಗೆ ಆರು ಸಲ ಅಲೆದು ಚಪ್ಪಲಿ ಸವೆಸಿದ್ದಳು. ಯಮ ಬಿಟ್ಟರೂ ಗುಮಾಸ್ತ ಬಿಡಲಿಲ್ಲ.

"ಎಫ್‌ಐಆರ್ ಹೇಗೆ ಹಾಕೋದು ಮೇಡಂ?" ಎಂದ ಹೆಡ್ ಕಾನ್‌ಸ್ಟೆಬಲ್. "ದೂರು ಕೊಟ್ಟೋರೂ ಇವರೇ, ಹೆಣಾನೂ ಇವರೇ."

ತನ್ನ ಮಾತಿಗೆ ತಾನೇ ಕಿಸಕ್ಕನೆ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ.

"ಕಂಪ್ಯೂಟರ್ ತಗೊಳ್ಳದಿದ್ರೆ ಕೈಯಲ್ಲಿ ಬರಿ," ಎಂದಳು.

ಮಧ್ಯಾಹ್ನ ನೋಂದಣಿ ಕಚೇರಿಯಲ್ಲಿ, ದರ್ಜಿಯ ಹೆಸರಿಗೆ ಸೇರಿಸಿದ್ದ ಮರಣಪತ್ರದ ಸಂಖ್ಯೆ ಸಿಕ್ಕಿತು. ಆ ಸಂಖ್ಯೆ ಹಿಡಿದು ಆಸ್ಪತ್ರೆಗೆ ಹೋದರೆ, ಅಲ್ಲಿಯ ಪುಸ್ತಕದಲ್ಲಿ ಬೇರೆಯೇ ಕತೆ: ಹತ್ತೊಂಬತ್ತರ ಹುಡುಗಿ, ಜ್ವರ, ಸತ್ತು ಎರಡು ವರ್ಷ. ಶವ ಪಡೆದ ತಂದೆಯ ಸಹಿ ಕೆಳಗಿತ್ತು. ಅದೇ ಸಹಿಯನ್ನು ಇನ್‌ಸ್ಪೆಕ್ಟರ್ ಒಂದು ಗಂಟೆ ಮುಂಚೆ ನೋಂದಣಿ ಕಚೇರಿಯ ಕಡತಗಳಲ್ಲಿ ನೋಡಿದ್ದಳು. ಅದು ಅಲ್ಲಿಯ ದೊಡ್ಡ ಗುಮಾಸ್ತನದು.

ಮಂಗಳವಾರ 11:05ಕ್ಕೆ ಅವನ ಮೇಜಿನ ಬಳಿಯೇ ವಿಚಾರಣೆ ನಡೆಯಿತು.

"ಮಗಳ ಮರಣಪತ್ರ ಇವರ ಹೆಸರಿಗೆ ಯಾಕೆ ಹಾಕಿದ್ರಿ?"

"ಒಂದು ಪತ್ರ ಯಾರ ಹೆಸರಿಗೂ ಸೇರದೆ ಉಳಿದ್ರೂ ಹೊಸ ಸಿಸ್ಟಮ್ ಮುಂದಕ್ಕೆ ಬಿಡಲ್ಲ ಮೇಡಂ. ಯಾರಿಗಾದ್ರೂ ಹಾಕ್ಲೇಬೇಕು."

"ಮಗಳಿಗೇ ಹಾಕ್ಬೇಕಿತ್ತು."

"ಕೈ ಬರ್ಲಿಲ್ಲ."

"ಇವರೇ ಯಾಕೆ?"

"ಇವರ ಅಂಗಡಿ ಫಾರಮ್‌ನಲ್ಲಿ ಹಿಂದೆ ಮುಂದೆ ಯಾರೂ ಇಲ್ಲ ಅಂತಿತ್ತು. ಕೇಳ್ಕೊಂಡು ಬರೋರು ಇರಲ್ಲ ಅಂದ್ಕೊಂಡೆ."

ಬಾಗಿಲಲ್ಲಿ ನಿಂತಿದ್ದ ದರ್ಜಿ ಅದನ್ನು ಕೇಳಿಸಿಕೊಂಡಳು.

ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಗುಮಾಸ್ತ ತಾನು ಮಾಡಿದ್ದನ್ನು ತೋರಿಸಿ, ತಿದ್ದಬೇಕು. ಪತ್ರವನ್ನು ದರ್ಜಿಯಿಂದ ಬಿಡಿಸಬೇಕಾದರೆ ಸತ್ತವಳ ಹೆಸರಿಗೆ ಸೇರಿಸಲೇಬೇಕು.

"ನೀವೇ ಒತ್ತಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ."

"ಲಾಗಿನ್ ನಿಮ್ದು. ಒತ್ತಿ."

ಅವನ ಮೇಲಧಿಕಾರಿಯ ಲಾಗಿನ್‌ನಲ್ಲೂ ಆಗುತ್ತಿತ್ತು. ಇನ್‌ಸ್ಪೆಕ್ಟರ್‌ಗೆ ಅದು ಗೊತ್ತಿತ್ತು. ಆದರೂ ಬಿಡಲಿಲ್ಲ.

ಪರದೆಯ ಮೇಲೆ ಹುಡುಗಿಯ ಫೋಟೊ ಬಂತು, ಕಾಲೇಜು ಸೇರುವಾಗ ತೆಗೆಸಿದ್ದು. ಗುಮಾಸ್ತ ಒತ್ತಿದ. ಫೋಟೊದ ಕೆಳಗೆ 'ಮೃತ' ಎಂದು ಬಿತ್ತು. ಅವನು ಕೀಲಿಮಣೆಯ ಮೇಲೇ ತಲೆಯಿಟ್ಟು ಗೊಳೋ ಎಂದು ಅತ್ತ.

"ನನ್ನ ಅಂಗಡಿ ಎಷ್ಟೊತ್ತಿಗೆ ತೆಗೀತಾರೆ?" ದರ್ಜಿ ಕೇಳಿದಳು.

12:40ಕ್ಕೆ ದಸ್ತಗಿರಿ ಆಯಿತು. ಜೀಪು ಹತ್ತಿದ ಮೇಲೆ ಗುಮಾಸ್ತ ಯಾರೂ ಕೇಳದೆಯೇ ಬಾಯಿಬಿಟ್ಟ. ಹೊಸ ವ್ಯವಸ್ಥೆಯಲ್ಲಿ ಬದುಕಿರುವವರಿಗೆಲ್ಲ ಫೋಟೊ ಇರುವ ಕಾರ್ಡು ಮನೆಗೆ ಬರುತ್ತದೆ. ಮಗಳದೂ ಒಂದು ಬರಲಿ ಎಂದು ಅವನಿಗೆ ಆಸೆಯಾಗಿತ್ತು.

"ನಿನ್ನೆ ಬಂತು ಮೇಡಂ. ಎರಡು ವರ್ಷ ಆದ್ಮೇಲೆ ನನ್ನ ಹೆಂಡತಿ ಹೊಟ್ಟೆತುಂಬ ಊಟ ಮಾಡಿದ್ಲು."

ಇನ್‌ಸ್ಪೆಕ್ಟರ್ ಡ್ರೈವರ್‌ಗೆ ಹೇಳಿದಳು:

"ಇವರ ಮನೆ ಕಡೆ ತಿರುಗಿಸು. ಆ ಕಾರ್ಡು ಜಪ್ತಿ ಮಾಡ್ಬೇಕು."