ತೊಳೆದ ರಿಬ್ಬನ್

1994ರ ಮಾರ್ಚ್ ಎಂಟು, ಮಂಗಳವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಜರ್ಮನಿಯ ಲ್ಯೂಡೆನ್‌ಶೈಡ್ ಠಾಣೆಗೆ ರೈನರ್ ಗೆರ್ಲಿಂಗ್ ಬಂದ. ರೈಲು ನಿಲ್ದಾಣದ ಎದುರು ಹಳೆಯ ಪದಕ, ನಾಣ್ಯ ಮಾರುವ ಅಂಗಡಿ ಅವನದು. ಮೇಜಿನ ಮೇಲೆ ಮೂರು ಕಬ್ಬಿಣದ ಶಿಲುಬೆಗಳನ್ನಿಟ್ಟ. ಎರಡನೇ ಮಹಾಯುದ್ಧದ ಕಾಲದ ಅಸಲಿ ಪದಕಗಳೆಂದು ಬರೆದುಕೊಟ್ಟು ಮಾರಿದ್ದ; ಮೂವರು ಗಿರಾಕಿಗಳೂ ನಕಲಿ ಎಂದು ಅವನ ಮುಖಕ್ಕೆ ಹಿಡಿದು ವಾಪಸು ಕೊಟ್ಟಿದ್ದರು. ಏಪ್ರಿಲ್ ತಿಂಗಳ ಪದಕದ ಸಂತೆಯೊಳಗೆ ಕಳ್ಳ ಸಿಗದಿದ್ದರೆ ತನ್ನ ಹೆಸರು ಮಣ್ಣುಪಾಲು ಎಂದ.

ಪದಕ ತಂದುಕೊಟ್ಟವರು ಯಾರೆಂದು ಇನ್ಸ್‌ಪೆಕ್ಟರ್ ಹೋಲ್ಟ್‌ಕಾಂಪ್ ಕೇಳಿದ.

"ನೋಲ್ಟೆ ಅಜ್ಜಿ ಸರ್. ಪದಕದ ಕಾರ್ಖಾನೇಲಿ ಇದ್ದೋರು. ಹಳೇ ಜೊತೆಗಾರರ ಮನೆಗಳಿಂದ ತರಿಸಿಕೊಡ್ತಾರೆ. ಆ ಮುದುಕೀನ ಯಾರೋ ಏಮಾರಿಸ್ತಿದಾರೆ. ಅವನನ್ನ ಹಿಡೀರಿ."

ವಂಚನೆಯ ದೂರು ದಾಖಲಾಯಿತು. ಮಹಜರು ಬರೆದು, ಮೊಹರು ಹಾಕಿ, ಪದಕಗಳನ್ನು ಕಾನ್‌ಸ್ಟೇಬಲ್ ಸಿಲ್ಕೆ ಡಾರ್ಟ್‌ಮಂಡ್‌ನ ತಜ್ಞರಿಗೆ ಒಪ್ಪಿಸಿ ಬಂದಳು.

ಶುಕ್ರವಾರ ವರದಿ ಬಂತು. ಹೋಲ್ಟ್‌ಕಾಂಪ್ ಅದನ್ನು ಮಧ್ಯಾಹ್ನದ ಬ್ರೆಡ್ಡು ತಿನ್ನುತ್ತ ಓದಿದ. ಹೆಂಡತಿ ಬಿಟ್ಟುಹೋದ ಮೇಲೆ ಆರು ವರ್ಷದಿಂದ ಅವನ ಊಟ ಕಡತಗಳ ಜೊತೆಗೇ. ಪದಕದ ಬೆಳ್ಳಿಯ ಅಂಚು ಅಸಲಿ, ಯುದ್ಧಕಾಲದ ಅಚ್ಚಿನದು ಎಂದಿತ್ತು. ಹಿಂದಿನ ಮುಂದಿನ ಅಂಚು ಕೂಡಿಸಿದ ಬೆಸುಗೆಯೂ ಪಳಗಿದ ಕೈಯದು, ಕೂದಲೆಳೆಯಷ್ಟೂ ಉಬ್ಬಿಲ್ಲ. ನಡುವಿನ ಕಪ್ಪು ಕಬ್ಬಿಣ ಮಾತ್ರ ಹೊಸತು. 1939 ಎಂಬ ಅಂಕಿಗಳ ಮೂಲೆಗಳು ಮೊಂಡು. ರಿಬ್ಬನ್ನಿನ ನೇಯ್ಗೆ ಹಳೆಯದು, ಆದರೆ ನೇರಳಾತೀತ ದೀಪದಡಿ ನೀಲಿಯಾಗಿ ಬೆಳಗಿತ್ತು. ಈಗಿನ ಸೋಪಿನ ಪುಡಿಯಲ್ಲಿ ತೊಳೆದ ಬಟ್ಟೆ ಹಾಗೆ ಬೆಳಗುತ್ತದೆ.

"ಮೋಸ ಮಾಡೋನು ಕೊಳೆ ಹಚ್ತಾನೆ ಸರ್, ತೊಳೆಯಲ್ಲ," ಎಂದಳು ಸಿಲ್ಕೆ. "ನಿಮ್ಮ ಕಾಲರಿನ ಕೊಳೆ ನೋಡಿದ್ರೆ, ಇದು ನಿಮ್ಮ ಕೆಲಸ ಅಲ್ಲ ಅನ್ನೋದಂತೂ ಖಾತ್ರಿ."

ಹೋಲ್ಟ್‌ಕಾಂಪ್ ಕಾಲರ್ ಸವರಿಕೊಂಡು ಗೆರ್ಲಿಂಗ್‌ಗೆ ಫೋನು ಮಾಡಿದ. ಒಂದು ಪದಕಕ್ಕೆ ಅಜ್ಜಿಯ ಮನೆಗೆ ಎಷ್ಟು ಸಲ ಹೋಗಬೇಕಾಗಿತ್ತು? ಮೂರು ಸಲ, ಎಂದ ಗೆರ್ಲಿಂಗ್. ಮೊದಲು ನೋಡುವುದಕ್ಕೆ, ಆಮೇಲೆ ತರುವುದಕ್ಕೆ, ಕೊನೆಗೆ ಪದಕ ಯಾರದಿತ್ತೆಂದು ಹೇಳುವ ಹಳೆಯ ಕಾಗದಕ್ಕೆ. ಪ್ರತಿಸಲವೂ ಕಾಫಿ, ಕೇಕು. ಸೋಮವಾರ ಮೂರೂವರೆಗೆ ಮತ್ತೆ ಕರೆದಿದ್ದಾರೆ.

ಹೋಲ್ಟ್‌ಕಾಂಪ್ ಫೋನಿಟ್ಟು, ಅಜ್ಜಿಯ ಮನೆ ಶೋಧಿಸಲು ಅರ್ಜಿ ಬರೆಯತೊಡಗಿದ. ಮೋಸಗಾರನಿಗೆ ಗಿರಾಕಿ ಬೇಗ ತೊಲಗಿದರೆ ಸಾಕು. ಈ ಅಜ್ಜಿ ಮತ್ತೆ ಮತ್ತೆ ಕರೆಯುತ್ತಿದ್ದರು.

ಸೋಮವಾರ ಮೂರೂ ಹತ್ತಕ್ಕೆ ಶೋಧನೆಯ ಆದೇಶ ಹಿಡಿದು ಅವನೂ ಸಿಲ್ಕೆಯೂ ಅಜ್ಜಿಯ ಮನೆಗೆ ಹೋದರು. ಓಟಿಲೀ ನೋಲ್ಟೆಗೆ ಅರವತ್ತೊಂಬತ್ತು. ಮೇಜಿನ ಮೇಲೆ ಎರಡು ಕಾಫಿ ಕಪ್ಪುಗಳಿದ್ದವು. ಬಂದವರು ಯಾರೆಂದು ಕೇಳುವ ಮೊದಲೇ ಇನ್ನೆರಡು ತಂದಿಟ್ಟರು. ಅಡುಗೆಮನೆಯ ಹಗ್ಗದಲ್ಲಿ ಏಪ್ರನ್ ಪಕ್ಕ ಕಪ್ಪು, ಬಿಳಿ, ಕೆಂಪಿನ ರಿಬ್ಬನ್ ಒಣಗುತ್ತಿತ್ತು.

"ಇದನ್ಯಾಕಮ್ಮ ತೊಳೆದ್ರಿ?"

"ಮನೆಗೆ ಬಂದೋರ ಕೈಗೆ ಕೊಳೆ ಬಟ್ಟೆ ಕೊಡೋಕಾಗುತ್ತಾ ಸಾಹೇಬ್ರೇ?"

"ಬೆಸುಗೆ ಯಾರದ್ದು?"

ಆಕೆ ತಮ್ಮ ಕೈ ನೋಡಿಕೊಂಡರು. "ಹದಿನಾರಕ್ಕೆ ಕಲಿತಿದ್ದು. ಒಂದೇ ಬೆಂಚಲ್ಲಿ ಹದಿನಾಲ್ಕು ಹುಡುಗೀರು. ಮಾತಾಡಿದ್ರೆ ಬೈತಿದ್ರು, ಆದ್ರೂ ಮಾತಾಡ್ತಿದ್ವಿ. ಈಗ ನಾನೊಬ್ಬಳೇ ಉಳಿದಿರೋದು."

ಕಾರ್ಖಾನೆ ಗುಜರಿಗೆ ಹಾಕಿದ್ದ ಅಂಚು, ರಿಬ್ಬನ್ನುಗಳನ್ನು ಮನೆಗೆ ತಂದಿಟ್ಟಿದ್ದರಂತೆ. ಅಂಚೆಯಲ್ಲಿ ಅಗ್ಗದ ನಕಲು ತರಿಸಿ, ಅದರ ಕಬ್ಬಿಣಕ್ಕೆ ಈ ಅಂಚು ಕೂಡಿಸುತ್ತಿದ್ದರು. ಕಾಗದಗಳನ್ನೂ ತಾವೇ ಬರೆದದ್ದು. ಡ್ರಾಯರಿನಲ್ಲಿ ಇನ್ನೂ ಆರು ಜೊತೆ ಅಂಚುಗಳಿದ್ದವು. ಸಿಲ್ಕೆ ಮಹಜರಿಗೆ ಬರೆದುಕೊಂಡಳು.

"ಆರು ಅಂದ್ರೆ ಗೆರ್ಲಿಂಗ್ ಹದಿನೆಂಟು ಸಲ ಬರ್ತಿದ್ದ," ಎಂದರು ನೋಲ್ಟೆ, ಡ್ರಾಯರ್ ಕಡೆ ನೋಡುತ್ತ.

ಮೂರೂವರೆಗೆ ಗೆರ್ಲಿಂಗ್ ಹೂಗುಚ್ಛ ಹಿಡಿದು ಬಂದ. ಹೋಲ್ಟ್‌ಕಾಂಪ್ ಎರಡೇ ಮಾತಿನಲ್ಲಿ ವಿಷಯ ಹೇಳಿದ.

"ನನ್ನ ಹೆಸರು ಹೋಯ್ತಲ್ಲ ಅಜ್ಜಿ," ಎಂದ ಗೆರ್ಲಿಂಗ್. "ನಿಮ್ಮನ್ನ ನಂಬಿ ನನ್ನ ಹೆಸರು ಬರೆದುಕೊಟ್ಟಿದ್ದೆ."

ಆಕೆ ಅವನ ಕಪ್ಪಿಗೆ ಕಾಫಿ ಬಗ್ಗಿಸಿದರು. ಅವನು ಹೂವನ್ನು ಮೇಜಿನ ಮೇಲಿಟ್ಟು, ಕೂರದೆ ಹೊರಟುಹೋದ.

ನಾಲ್ಕೂ ಹತ್ತಕ್ಕೆ ಬಂಧನ. ಹೇಳಿಕೆ ಪಡೆದು ಸಂಜೆಯೇ ಮನೆಗೆ ಬಿಡುವುದಾಗಿ ಹೋಲ್ಟ್‌ಕಾಂಪ್ ತಿಳಿಸಿದ. ನೋಲ್ಟೆ ಹೂವನ್ನು ನೀರಿಗಿಟ್ಟು, ಒಳ್ಳೆಯ ಕೋಟು ತೆಗೆದರು. ಅವನು ಕೋಟಿನ ತೋಳು ಹಿಡಿದುಕೊಟ್ಟ.

"ವಿಚಾರಣೆಗೆ ಎಷ್ಟು ಸಲ ಬರಬೇಕಾಗುತ್ತೆ?"

"ಮೂರ್ನಾಲ್ಕು ಸಲ ಅಮ್ಮ."

"ನೀವೂ ಇರ್ತೀರಾ?"

"ಇರ್ತೀನಿ."

ಆಕೆ ತಲೆದೂಗಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.