ಒದ್ದೆ ಬಟ್ಟೆಯೊಳಗಿನ ಕೈ

ಲಾಂಡ್ರಿಯ ಬಾಗಿಲಲ್ಲಿ ಶಿಲ್ಪಿ ನಿಂತಿದ್ದ. ಮೊಣಕೈವರೆಗೂ ಮಣ್ಣು. ಕಾಲಲ್ಲಿ ಚಪ್ಪಲಿಯಿಲ್ಲ.

ಇಸ್ತ್ರಿ ಮಾಡುತ್ತಿದ್ದ ಅವಳು ತಲೆಯೆತ್ತಲಿಲ್ಲ. ಇವನ ಮುಖ ನೋಡುವುದಿಲ್ಲವೆಂದು ನಿಶ್ಚಯಿಸಿ ಮೂರು ವಾರವಾಗಿತ್ತು.

"ಬರಲ್ಲ ಅಂತ ಹೇಳಿದ್ನಲ್ಲ. ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊಳ್ಳಿ."

"ಅದಕ್ಕಲ್ಲ... ಅಜ್ಜಿ..."

ಅವಳು ತಲೆಯೆತ್ತಿದಳು. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಅವನ ಹಿಂದೆ ಓಡಿದಳು.

ತಾಯಿಯಿಲ್ಲದ ಅವಳನ್ನು ಸಾಕಿದ ಅಜ್ಜಿ, ಪಕ್ಕದ ಮನೆಗೆಂದು ಹೇಳಿ ಹೊರಟವಳು, ಇವನ ಕಾರ್ಯಶಾಲೆಯ ಸ್ಟೂಲಿನ ಮೇಲೆ ಕುಳಿತಂತೆಯೇ ಕಣ್ಣು ಮುಚ್ಚಿದ್ದಳು.

'ಅಲ್ಲಿಗೇಕೆ ಹೋದಳು? ಕೊನೆಗಳಿಗೆಯಲ್ಲಿ ಕೈ ಹಿಡಿಯಲು ನಾನಿರಲಿಲ್ಲವಲ್ಲ...' ಆ ಮುಳ್ಳು ಎದೆಯಲ್ಲೇ ಉಳಿಯಿತು.

ನೂರು ವರ್ಷದ ಹಿಂದೆ ನೆರೆ ಬಂದಾಗ ಊರಿನವರನ್ನು ದಡ ಸೇರಿಸಿದ ದೋಣಿಯವಳೊಬ್ಬಳಿದ್ದಳು. ಅವಳ ಚಿತ್ರ ಒಂದೂ ಉಳಿದಿರಲಿಲ್ಲ. ನದಿ ದಡದಲ್ಲಿ ನಿಲ್ಲಿಸಲಿದ್ದ ಅವಳ ಕಂಚಿನ ಪ್ರತಿಮೆಗೆ ಮಾದರಿಯಾಗಲು ಶಿಲ್ಪಿ ಇವಳನ್ನೇ ಕೇಳಿದ್ದ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈ ಮುಳುಗುವವರತ್ತ ಚಾಚಿದ ನಿಲುವು. ಕಾವಲಿಗೆ ಅಜ್ಜಿಯೂ ಬರುತ್ತಿದ್ದಳು.

"ನೆಟ್ಟಗೆ ನಿಲ್ಲೇ. ದೋಣಿಯವಳು ನಿನ್ ಥರ ಆಕಳಿಸಿದ್ರೆ ಊರೇ ಮುಳುಗ್ತಿತ್ತು."

ಮುಖ ಮುಗಿದು ಚಾಚಿದ ಕೈಯ ಸರದಿ ಬಂದ ದಿನ, ಅಳತೆ ಮಾಡಲು ಹತ್ತಿರ ಬಂದವನು ತಟ್ಟನೆ ಹಿಂದೆ ಸರಿದು, "ಈ ಕೈ ಆಗಲ್ಲ" ಅಂದಿದ್ದ.

ಬಟ್ಟೆ ಒಗೆಯುವ ಸೋಡಾ ನೀರಿಗೆ ಬಿರಿದ ಕೈ. ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಅವಳು ಹೊರಟುಬಂದಿದ್ದಳು.

ಅಜ್ಜಿ ಹೋಗಿ ಹತ್ತು ದಿನವಾದ ಮೇಲೆ, ಕಾರ್ಯಶಾಲೆಯಲ್ಲೇ ಉಳಿದಿದ್ದ ಅಜ್ಜಿಯ ಕನ್ನಡಕ ತರಲು ಅವಳು ಹೋದಳು. ಅವನು ಮಣ್ಣಿನ ಪ್ರತಿಮೆಯ ಚಾಚಿದ ಕೈಗೆ ಸುತ್ತಿದ ಬಟ್ಟೆಗೆ ನೀರು ಚಿಮುಕಿಸುತ್ತಿದ್ದ.

"ಅಜ್ಜಿ ಇಲ್ಲಿ ಏನ್ ಮಾಡ್ತಿದ್ರು? ನಿಜ ಹೇಳಿ."

ಅವನು ಬಟ್ಟೆ ಬಿಚ್ಚಿದ.

ಸೊಟ್ಟ ಹೆಬ್ಬೆರಳು. ಉಬ್ಬಿದ ಗೆಣ್ಣುಗಳು. ಜ್ವರ ಬಂದಾಗಲೆಲ್ಲ ತನ್ನ ಹಣೆಯ ಮೇಲಿರುತ್ತಿದ್ದ ಅಂಗೈ...

"ನಿಮ್ಮ ಕೈ ಅಳೆಯೋಕಾಗ್ಲಿಲ್ಲ. ಹಿಡ್ಕೋಬೇಕು ಅನ್ನಿಸ್ತು. ಹೇಳೋ ಧೈರ್ಯ ಇರ್ಲಿಲ್ಲ. ಅಜ್ಜಿಗೆ ಗೊತ್ತಾಗೋಯ್ತು. 'ಪೆದ್ದ, ನನ್ ಕೈ ಅಳೆದುಕೋ, ಇದನ್ನ ಹಿಡಿಯೋಕೆ ಯಾರೂ ಕಾದಿಲ್ಲ' ಅಂದ್ರು. ಮುಗಿಯೋವರೆಗೂ ನಿಮಗೆ ಹೇಳ್ಬಾರ್ದು ಅಂತ ಮಾತು ತಗೊಂಡ್ರು."

"ಇಷ್ಟು ದಿನ ಆಯ್ತು... ಮಣ್ಣು ಒಣಗಿಲ್ವಾ?"

"ಒಣಗೋಕೆ ಬಿಟ್ಟಿಲ್ಲ. ನಿಮಗೆ ಒಂದ್ಸಲ ಹಿಡ್ಕೊಳ್ಳೋಕೆ ಸಿಗ್ಲಿ ಅಂತ."

ಅವಳು ತನ್ನ ಬಿರಿದ ಕೈಯನ್ನು ಆ ಅಂಗೈಯಲ್ಲಿಟ್ಟಳು. ತಣ್ಣಗಿತ್ತು, ಮೆತ್ತಗಿತ್ತು. ಹತ್ತು ದಿನ ಬಾರದ ಅಳು ಬಂತು.

ಎಷ್ಟೋ ಹೊತ್ತಿನ ಮೇಲೆ ಕೈ ತೆಗೆದು ಗಾಬರಿಯಾದಳು.

"ಅಯ್ಯೋ, ನನ್ ಬೆರಳಿನ ಗುರುತು ಬಿದ್ದೋಯ್ತು."

"ಇರ್ಲಿ. ಅದನ್ನ ತಿದ್ದಲ್ಲ. ಕಂಚಿನಲ್ಲಿ ಎರಕ ಹೊಯ್ದಾಗ್ಲೂ ಹಾಗೇ ಇರುತ್ತೆ."

ಅವಳು ಮಣ್ಣು ಮೆತ್ತಿದ ಕೈಯನ್ನು ಅವನತ್ತ ಚಾಚಿದಳು.

"ಈಗ ಅಳೀತೀರಾ?"

"ಇಲ್ಲ," ಎಂದು ಅವನು ಹಿಡಿದುಕೊಂಡ.

ದೇವರೇ, ತನ್ನ ಕೈ ಹಿಡಿಯಲು ಯಾರೂ ಕಾದಿಲ್ಲವೆಂದು ನಗುತ್ತ ಹೋದ ಆ ಹಿರಿಯ ಜೀವದ ಕೈಯನ್ನು ಇನ್ನು ನೀನು ಹಿಡಿದುಕೋ. ಆ ಜೀವಕ್ಕೆ ಶಾಂತಿ ಕೊಡು.