ಗೂಡಿನ ಚಿತ್ರ

ತಿಂಡಿಯ ಹೊತ್ತಿಗೆ, ಮಗಳೊಂದಿಗೆ ನಮ್ಮ ವಸತಿಗೃಹದಲ್ಲಿ ತಂಗಿದ್ದ ಛಾಯಾಗ್ರಾಹಕರು ನೇರವಾಗಿ ನನ್ನ ಸೋದರತ್ತೆಯ ಕೋಣೆಗೆ ಬಂದರು. ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡ್ ಕಾಣೆಯಾಗಿತ್ತು. ಹಾಡುಹಕ್ಕಿಗಳ ಬೆನ್ನು ಹತ್ತಿ ಊರೂರು ಸುತ್ತುವ ಅವರಿಗೆ, ಆರು ವರ್ಷ ಹುಡುಕಿದ ಹಕ್ಕಿ ಅಂದು ನಸುಕಿನಲ್ಲಿ ಗೂಡಿನಲ್ಲೇ ಸಿಕ್ಕಿತ್ತಂತೆ. ಕದ್ದವನು ತಮ್ಮ ಕಾರಿನ ಚಾಲಕನೇ, ಅವನನ್ನು ಇಂದೇ ಕೆಲಸದಿಂದ ತೆಗೆಯುತ್ತೇನೆ ಎಂದರು.

ಅತ್ತೆ ನಿವೃತ್ತ ಕರಡು ತಿದ್ದುಗಾರ್ತಿ. ನಾನು ನಡೆಸುವ ವಸತಿಗೃಹದ ಮಹಡಿಯಲ್ಲೇ ವಾಸ. ಅಕ್ಷರದ ತಪ್ಪು ಹಿಡಿದಷ್ಟೇ ಸಲೀಸಾಗಿ ಮನುಷ್ಯರ ತಪ್ಪನ್ನೂ ಹಿಡಿಯುತ್ತಿದ್ದರು. ಅವರು ಕೆಳಗಿಳಿದು ಕ್ಯಾಮೆರಾದ ಬಿಳಿ ಬಟ್ಟೆಯ ಚೀಲ ನೋಡಿದರು. ಅದರ ಮೇಲೆ ಒಂದು ಕಲೆಯೂ ಇರಲಿಲ್ಲ. ಒಳಗೊಂದು ಪುಟ್ಟ ಕತ್ತರಿಯಿತ್ತು; ಅಲಗಿಗೆ ಹಸಿ ಎಲೆಯ ರಸ ಅಂಟಿತ್ತು. ಚಾಲಕ ಬೆಳಗಿನಿಂದ ಕಾರಿನಡಿ ಮಲಗಿ ರಿಪೇರಿ ಮಾಡುತ್ತಿದ್ದ; ಮೊಣಕೈವರೆಗೂ ಗ್ರೀಸ್. ಛಾಯಾಗ್ರಾಹಕರ ಮಗಳು ಈಗಷ್ಟೇ ಎದ್ದೆನೆಂದಳು. ಹಿಂದಿನ ದಿನ ನೀಲಿ ರಿಬ್ಬನ್ನಿನಲ್ಲಿ ಕಟ್ಟಿದ್ದ ಅವಳ ಕೂದಲು ಬಿಚ್ಚಿಕೊಂಡಿತ್ತು. ಬಾಗಿಲ ಬಳಿ ಅವಳ ಬೂಟು ಒದ್ದೆಯಾಗಿತ್ತು.

ಚಿತ್ರ ತೆಗೆದ ಪೊದೆ ಹಿತ್ತಲಿನಾಚೆಯೇ ಇತ್ತು. ಅತ್ತೆ ನನ್ನನ್ನು ಅಲ್ಲಿಗೆ ಕಳಿಸಿದರು. ಗೂಡು ಸ್ಪಷ್ಟವಾಗಿ ಕಾಣಲೆಂದು ಎದುರಿನ ಕೊಂಬೆಗಳನ್ನು ಕತ್ತರಿಸಿದ್ದರು. ಉಳಿದ ಕೊಂಬೆಗಳನ್ನು ಯಾರೋ ಬಾಗಿಸಿ, ಗೂಡಿಗೆ ಮರೆಯಾಗುವಂತೆ ನೀಲಿ ರಿಬ್ಬನ್ನಿನಿಂದ ಕಟ್ಟಿದ್ದರು.

ನಾನು ಬಂದು ಹೇಳಿದ ಮೇಲೆ ಅತ್ತೆ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದರು. ಗ್ರೀಸ್ ಹತ್ತಿದ ಕೈ ಮುಟ್ಟಿದ್ದರೆ ಚೀಲ ಇಷ್ಟು ಬೆಳ್ಳಗೆ ಉಳಿಯುತ್ತಿರಲಿಲ್ಲ. ಅದು ಬರೀ ನೀರಿಗೆ ಹೋಗುವ ಗ್ರೀಸೂ ಅಲ್ಲ ಎಂದರು. ಕತ್ತರಿಯ ರಸ ಕೊಂಬೆ ಕತ್ತರಿಸಿದವರನ್ನು ಹೇಳುತ್ತದೆ, ರಿಬ್ಬನ್ ಮರೆಮಾಡಿದವರನ್ನು. ಈಗಷ್ಟೇ ಎದ್ದವರ ಬೂಟಿಗೆ ಇಬ್ಬನಿ ಹತ್ತುವುದಿಲ್ಲ. ಇನ್ನು, ಗೂಡು ಯಾರ ಕಣ್ಣಿಗೂ ಬೀಳಬಾರದು ಎಂದುಕೊಂಡವರಿಗೇ ಅದರ ಚಿತ್ರವೂ ಬೇಡವಾಗಿತ್ತು.

ಮಗಳು ಕಾರ್ಡನ್ನು ಮೇಜಿನ ಮೇಲಿಟ್ಟಳು. “ನೀವು ಕೊಂಬೆ ಕತ್ತರಿಸಿ ಚಿತ್ರ ತೆಗೆದ್ಮೇಲೆ ಹಾರಿಹೋದ ಹಕ್ಕಿ ಗೂಡಿಗೇ ಬರ್ಲಿಲ್ಲ ಅಪ್ಪ. ನಾನು ಮರೆ ಕಟ್ಟಿದ್ಮೇಲೇ ಬಂದಿದ್ದು. ಈ ಚಿತ್ರ ನೋಡಿದೋರೆಲ್ಲ ಇಲ್ಲಿಗೇ ಬರ್ತಾರೆ, ಹೀಗೇ ಕತ್ತರಿಸ್ತಾರೆ.”

“ಸರಿ ಮಗೂ,” ಎಂದರು ಅತ್ತೆ ಮೆಲ್ಲಗೆ. “ಆದ್ರೆ ಹಕ್ಕಿ ಗೂಡು ಉಳಿಸೋಕೆ ಹೋಗಿ, ಈ ಡ್ರೈವರ್ ಅನ್ನಕ್ಕೆ ಕಲ್ಲು ಬೀಳೋದನ್ನ ನೋಡ್ಕೊಂಡು ಸುಮ್ನಿದ್ದೆಯಲ್ಲ.”

ಅವಳ ಮುಖ ಬಾಡಿತು. ಎದ್ದು ಚಾಲಕನ ಎದುರು ನಿಂತು, “ತಪ್ಪಾಯ್ತು ಅಣ್ಣ,” ಎಂದಳು.

ಅವಳ ತಂದೆ ಕಾರ್ಡನ್ನು ಕೈಗೆತ್ತಿಕೊಂಡರು. ಆಮೇಲೆ ಅದನ್ನು ಮಗಳ ಕೈಗೇ ಕೊಟ್ಟು, ಚಾಲಕನ ಕಡೆ ತಿರುಗಿ, “ಮೊದಲ ತಪ್ಪು ನಂದು,” ಎಂದರು.

ಚಾಲಕ, ಕಾರು ಸಂಜೆಗೆ ಸಿದ್ಧವಾಗುತ್ತದೆ ಎಂದಷ್ಟೇ ತಿಳಿಸಿ, ತಲೆಯೆತ್ತಿ ಹೊರಗೆ ನಡೆದ.